ಹೆಣ್ಣು ಕರುವಿನ ಸ್ಟ್ರಾ: ಲೇಸರ್ ಬಿಟ್ಟು ವೀರ್ಯಾಣು ಆರಿಸೋದು ಹೇಗೆ?

ಹಟ್ಟಿಮನೆ_ಹೊಸನಗರ

ನಮ್ಮ ಕೊಟ್ಟಿಗೆಯಲ್ಲಿ ಮೂರು ಮಿಶ್ರತಳಿ ಹಸು, ಒಂದು ಮಣಕ ಇದೆ. ಸೊಸೈಟಿಗೆ ಹಾಲು ಹಾಕುತ್ತೇವೆ. ಹೋರಿ ಕರು ಹುಟ್ಟಿದರೆ ಸಾಕೋಕೂ ಆಗಲ್ಲ, ಕೊಡೋಕೂ ಆಗಲ್ಲ, ಆ ತಲೆನೋವು ಇಲ್ಲಿ ಎಲ್ಲರಿಗೂ ಗೊತ್ತು. ಈಗ ಹೆಣ್ಣು ಕರುವೇ ಹುಟ್ಟುವ ಸ್ಟ್ರಾ (ಕೃತಕ ಗರ್ಭಧಾರಣೆಗೆ ವೀರ್ಯ ತುಂಬಿಟ್ಟ ಸಣ್ಣ ಕೊಳವೆ) ಬಂದಿದೆ, ಹಾಕಿಸಿ ಅನ್ನುತ್ತಿದ್ದಾರೆ. ಪಕ್ಕದ ಮನೆಯವರು ಹಾಕಿಸಿ ನೋಡಿದರು, ಗಬ್ಬ ನಿಲ್ಲಲಿಲ್ಲ. "ಲೇಸರ್ ಬಿಟ್ಟು ಆರಿಸಿರ್ತಾರೆ, ಅದರಲ್ಲೇ ಅರ್ಧ ಸತ್ತಿರುತ್ತೆ" ಎಂದು ಊರಲ್ಲಿ ಮಾತು.

ನನ್ನದು ಎರಡೇ ಪ್ರಶ್ನೆ. ಕಣ್ಣಿಗೇ ಕಾಣದ ವೀರ್ಯಾಣುವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಬೆಳಕಿಗೆ ಹೇಗೆ ಗೊತ್ತಾಗುತ್ತದೆ? ಲೇಸರ್ ಬಿದ್ದ ಮೇಲೂ ಅದು ಬದುಕಿರುತ್ತದಾ?

ಸುಮ್ನೆ_ಓದೋನು

ಗಂಡಿಗೆ ಮೀಸೆ ಇರುತ್ತೆ ಅಣ್ಣ, ಲೇಸರ್ ಹಾಕಿದರೆ ಕಾಣುತ್ತೆ.

ಗೋವೈದ್ಯ_ಸಾಗರ

ಮೀಸೆ ಇದ್ದಿದ್ದರೆ ಕೆಲಸ ಸುಲಭ ಇತ್ತು ಮಾರಾಯ್ರೇ. ಹೊರಗಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಎಕ್ಸ್ ವರ್ಣತಂತು ಹೊತ್ತದ್ದು ಅಂಡಕ್ಕೆ ಸೇರಿದರೆ ಹೆಣ್ಣು ಕರು, ವೈ ಹೊತ್ತದ್ದು ಸೇರಿದರೆ ಹೋರಿ. ವ್ಯತ್ಯಾಸ ಇರುವುದು ಒಳಗಿನ ಡಿಎನ್‌ಎ ಪ್ರಮಾಣದಲ್ಲಿ. ದನಗಳಲ್ಲಿ ಎಕ್ಸ್ ವೀರ್ಯಾಣುವಿಗೆ ವೈಗಿಂತ ಹತ್ತಿರ ಹತ್ತಿರ ಶೇ. 4ರಷ್ಟು ಡಿಎನ್‌ಎ ಜಾಸ್ತಿ. ಇಡೀ ತಂತ್ರ ನಿಂತಿರುವುದು ಆ ನಾಲ್ಕರ ಮೇಲೆ.

ಹೋರಿಯಿಂದ ತೆಗೆದ ತಾಜಾ ವೀರ್ಯಕ್ಕೆ ಹೋಕ್ಸ್ಟ್ 33342 ಅನ್ನುವ ಬಣ್ಣ ಸೇರಿಸುತ್ತಾರೆ. ಅದು ಜೀವಂತ ಕೋಶದ ಪೊರೆ ದಾಟಿ ಒಳಗೆ ಹೋಗಿ ಡಿಎನ್‌ಎಗೆ ಅಂಟುತ್ತದೆ. ಅತಿನೇರಳೆ ಲೇಸರ್ ಬಿದ್ದಾಗ ನೀಲಿಯಾಗಿ ಹೊಳೆಯುತ್ತದೆ. ಡಿಎನ್‌ಎ ಜಾಸ್ತಿ ಇದ್ದರೆ ಹೊಳಪೂ ಅಷ್ಟು ಜಾಸ್ತಿ. ಇನ್ನೊಂದು ಬಣ್ಣ ಹಾಕಿರುತ್ತಾರೆ, ಅದು ಸತ್ತವುಗಳ ಒಳಗೆ ಮಾತ್ರ ನುಗ್ಗಿ ಅವುಗಳ ಹೊಳಪನ್ನು ತಗ್ಗಿಸುತ್ತದೆ. ಹಾಗಾಗಿ ಸತ್ತದ್ದು ಬೇರೆಯಾಗಿ ಕಾಣುತ್ತದೆ, ಅದನ್ನು ಬಿಟ್ಟುಬಿಡುತ್ತಾರೆ.

ಆಮೇಲೆ ಇವು ಸಪೂರ ದ್ರವದ ಧಾರೆಯಲ್ಲಿ ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾಯುತ್ತವೆ. ಇಲ್ಲೊಂದು ಪೇಚು ಇದೆ. ಹೋರಿಯ ವೀರ್ಯಾಣುವಿನ ತಲೆ ಚಪ್ಪಟೆ. ಉದ್ದ ಸುಮಾರು 9 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್), ದಪ್ಪ 1 ಮೈಕ್ರಾನ್ ಕೂಡ ಇಲ್ಲ. ಅಂಚು ತೋರಿಸಿದರೆ ಒಂದು ಹೊಳಪು, ಅಗಲ ತೋರಿಸಿದರೆ ಇನ್ನೊಂದು. ಆ ವ್ಯತ್ಯಾಸವೇ ಶೇ. 4ಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ನಳಿಕೆಯ ತುದಿಯನ್ನು ಓರೆಯಾಗಿ ಮಾಡಿ, ಎಲ್ಲ ತಲೆಗಳೂ ಒಂದೇ ಕಡೆ ತಿರುಗಿ ಬರುವ ಹಾಗೆ ಮಾಡಿದ್ದಾರೆ. ಎರಡು ಕಡೆಯಿಂದ ಹೊಳಪು ಅಳೆಯುತ್ತಾರೆ. ಸರಿಯಾಗಿ ತಿರುಗದಿದ್ದದ್ದು ಚೆನ್ನಾಗಿದ್ದರೂ ಚರಂಡಿಗೇ.

ಧಾರೆ ಕೆಳಗೆ ಹನಿಹನಿಯಾಗಿ ಒಡೆಯುತ್ತದೆ. ಎಕ್ಸ್ ಇರುವ ಹನಿಗೆ ಒಂದು ವಿದ್ಯುದಾವೇಶ, ವೈ ಇರುವುದಕ್ಕೆ ವಿರುದ್ಧದ್ದು. ಹೈ ವೋಲ್ಟೇಜ್ ಪ್ಲೇಟ್‌ಗಳ ನಡುವೆ ಬೀಳುವಾಗ ಅವು ಬೇರೆ ಬೇರೆ ಕಡೆಗೆ ಸರಿದು ಬೇರೆ ಬೇರೆ ಟ್ಯೂಬಿಗೆ ಬೀಳುತ್ತವೆ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿ ಲಾರೆನ್ಸ್ ಜಾನ್ಸನ್ ತಂಡ 1989ರಲ್ಲಿ ಹೀಗೆ ಆರಿಸಿದ ವೀರ್ಯಾಣುವಿನಿಂದ ಮೊಲದ ಮರಿ ಹುಟ್ಟಿಸಿ ತೋರಿಸಿತು. ದನಕ್ಕೆ ಬಂದದ್ದು ಆಮೇಲೆ. ನಮ್ಮ ದೇಶದ್ದೇ ಯಂತ್ರವೂ 2024ರಲ್ಲಿ ಬಿಡುಗಡೆಯಾಗಿದೆ.

ನೂರಕ್ಕೆ ಸುಮಾರು 90 ಹೆಣ್ಣು ಕರು. ನೂರಕ್ಕೆ ನೂರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಟ್ಟಿಮನೆ_ಹೊಸನಗರ

ಡಾಕ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಎರಡನೇ ಪ್ರಶ್ನೆ ಉಳಿಯಿತಲ್ಲ. ಗಬ್ಬ ಯಾಕೆ ನಿಲ್ಲಲ್ಲ?

ಗೋವೈದ್ಯ_ಸಾಗರ

ಮೊದಲ ಕಾರಣ ಲೆಕ್ಕ. ಮಾಮೂಲಿ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು ತುಂಬಿರುತ್ತಾರೆ. ಆರಿಸಿದ ಸ್ಟ್ರಾದಲ್ಲಿ ಸುಮಾರು 20 ಲಕ್ಷ. ಹತ್ತನೇ ಒಂದು ಪಾಲು.

ಎರಡನೆಯದು, ಅವು ಪಟ್ಟ ಪಾಡು. ಬಣ್ಣ, ಲೇಸರ್, ಒತ್ತಡ, ಟ್ಯೂಬಿಗೆ ಬೀಳುವ ಪೆಟ್ಟು, ಸೆಂಟ್ರಿಫ್ಯೂಜು, ಕೊನೆಗೆ ಮೈನಸ್ 196 ಡಿಗ್ರಿಯ ನೈಟ್ರೋಜನ್. ಆದರೆ ಊರವರು ಲೇಸರನ್ನೇ ಬೈಯುವುದು ಅಷ್ಟು ಸರಿಯಲ್ಲ. ಒಂದು ವೀರ್ಯಾಣುವಿನ ಮೇಲೆ ಬೆಳಕು ಬೀಳುವುದು ಸೆಕೆಂಡಿನ ಲಕ್ಷದ ಒಂದು ಪಾಲಿಗಿಂತಲೂ ಕಮ್ಮಿ ಹೊತ್ತು. ಜಾಸ್ತಿ ಏಟು ಬೀಳುತ್ತಿದ್ದದ್ದು ಧಾರೆಯ ಒತ್ತಡದಿಂದ. ಯಂತ್ರದ ಒತ್ತಡವನ್ನು 50 ಪಿಎಸ್‌ಐಯಿಂದ 40ಕ್ಕೆ ಇಳಿಸಿದ ಮೇಲೆ ವೀರ್ಯಾಣು ಮೊದಲಿಗಿಂತ ಚೆನ್ನಾಗಿ ಉಳಿಯತೊಡಗಿದವು.

ನಿಮ್ಮ ಮಣಕಕ್ಕೆ ಹಾಕಿಸಿ. ಗಬ್ಬ ನಿಲ್ಲದೆ ಪದೇ ಪದೇ ಬೆದೆಗೆ ತಿರುಗುವ ಹಸುವಿಗೆ ಬೇಡ. ಹಾಗೇ ಇದರ ಆಯಸ್ಸು ಗರ್ಭಕೋಶದಲ್ಲಿ ಕಮ್ಮಿ, ಅದಕ್ಕೆ ಮಾಮೂಲಿಗಿಂತ ಸ್ವಲ್ಪ ತಡವಾಗಿ, ಬೆದೆ ಶುರುವಾದ 18ರಿಂದ 24 ಗಂಟೆಯೊಳಗೆ ಕೊಡಿಸಿದರೆ ಒಳ್ಳೆಯದು. ಬೆದೆ ಎಷ್ಟು ಹೊತ್ತಿಗೆ ಶುರುವಾಯಿತು ಅನ್ನೋದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಬಂದವರಿಗೆ ಅದನ್ನು ಸರಿಯಾಗಿ ಹೇಳಿ. "ಬೆಳಿಗ್ಗೆಯಿಂದ ಕೂಗ್ತಾ ಇದೆ" ಅಂದರೆ ಸಾಲದು.

ನೇರಳೆಮುಚ್ಚಳ

ಶಿವಮೊಗ್ಗದಲ್ಲಿ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟ್ರು ಹೇಳಿದ್ದನ್ನು ಓದುತ್ತಾ ಇದು ನಮ್ಮ ಟೇಬಲ್ ಮೇಲಿರುವ ಯಂತ್ರದ ಕಥೆಯೇ ಅಲ್ವಾ ಅನ್ನಿಸಿತು. ಜ್ವರ ಬಂದರೆ ನೀವೆಲ್ಲ ಸಿಬಿಸಿ ಮಾಡಿಸುತ್ತೀರಲ್ಲ, ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಕೊಟ್ಟು. ಐದು ಬಗೆಯ ಬಿಳಿ ರಕ್ತಕಣ ಎಣಿಸುವ ಯಂತ್ರಗಳಲ್ಲಿ ಹೆಚ್ಚಿನವು ಮಾಡುವುದು ಇದನ್ನೇ. ಕೆಂಪು ಕಣ ಒಡೆದು, ಬಿಳಿ ಕಣಗಳನ್ನು ಸಾಲಾಗಿ ಲೇಸರ್ ಮುಂದೆ ಹಾಯಿಸುತ್ತದೆ. ಬೆಳಕು ಮುಂದಕ್ಕೆ ಎಷ್ಟು ಚೆದುರಿತು ಅನ್ನೋದು ಕಣದ ಗಾತ್ರ ಹೇಳುತ್ತದೆ. ಪಕ್ಕಕ್ಕೆ ಚೆದುರಿದ್ದು ಒಳಗಿನ ಸಣ್ಣ ಸಣ್ಣ ಕಾಳುಗಳ (ಗ್ರಾನ್ಯೂಲ್) ಲೆಕ್ಕ ಹೇಳುತ್ತದೆ. ಒಂದೇ ವ್ಯತ್ಯಾಸ, ನಾವು ಎಣಿಸಿ ಚೆಲ್ಲುತ್ತೇವೆ. ಅವರು ಎಣಿಸಿ ಇಟ್ಟುಕೊಳ್ಳುತ್ತಾರೆ.

ಇದಕ್ಕೂ ಹಳೆಯದು ಕೌಲ್ಟರ್ ವಿಧಾನ. ವ್ಯಾಲೇಸ್ ಕೌಲ್ಟರ್‌ಗೆ 1953ರಲ್ಲಿ ಪೇಟೆಂಟ್ ಸಿಕ್ಕಿತು. ಸಣ್ಣ ತೂತಿನ ಮೂಲಕ ಕರೆಂಟ್ ಹರಿಯುತ್ತಿರುತ್ತದೆ, ಒಂದು ಕಣ ಹಾದಾಗ ಕರೆಂಟಿಗೆ ಅಷ್ಟು ಹೊತ್ತು ಅಡ್ಡಿ. ಪ್ಲೇಟ್‌ಲೆಟ್‌ಗಳನ್ನು ಇವತ್ತಿಗೂ ಬಹಳ ಯಂತ್ರಗಳು ಹೀಗೇ ಎಣಿಸುತ್ತವೆ. ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿದ್ದರೆ ಯಂತ್ರಕ್ಕೆ ತಿಳಿಯಲ್ಲ, ಕಮ್ಮಿ ತೋರಿಸುತ್ತದೆ. ಡೆಂಗ್ಯೂ ಸಮಯದಲ್ಲಿ ರಿಪೋರ್ಟ್ ನೋಡಿ ಗಾಬರಿ ಬೀಳುವ ಮುಂಚೆ, ಸ್ಲೈಡ್ ಮಾಡಿ ಕಣ್ಣಲ್ಲಿ ನೋಡಿದ್ದೀರಾ ಅಂತ ಕೇಳಿ. ಕೇಳಿದರೆ ನಮಗೇನೂ ಬೇಜಾರಿಲ್ಲ.

ಲ್ಯಾಬ್ಕೋಟು

ತೀರ್ಥಹಳ್ಳಿ ಕಡೆಯವನು, ಸದ್ಯ ಬೆಂಗಳೂರಿನಲ್ಲಿ ಸಂಶೋಧನೆ. ನನ್ನ ಕೆಲಸ ಬೆಳಕಿನಲ್ಲಿ ಜೀವಕೋಶ ಹಿಡಿಯುವುದು. ಹೌದು, ಹಿಡಿಯುವುದೇ. ಆಪ್ಟಿಕಲ್ ಟ್ವೀಜರ್ ಅನ್ನುತ್ತಾರೆ, ಬೆಳಕಿನ ಚಿಮುಟ.

ಬೆಳಕಿಗೆ ತೂಕ ಇಲ್ಲ, ಆದರೆ ತಳ್ಳುವ ಶಕ್ತಿ ಇದೆ. ಲೇಸರನ್ನು ನೂರು ಪಟ್ಟು ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪ್ ಲೆನ್ಸಿನಲ್ಲಿ ಒಂದು ಚುಕ್ಕೆಗೆ ಕೂಡಿಸಿದರೆ, ಹತ್ತಿರ ಬಂದ ಪಾರದರ್ಶಕ ಕಣ ಆ ಕಿರಣವನ್ನು ಬಾಗಿಸುತ್ತದೆ. ಕಿರಣ ಒಂದು ಕಡೆ ಬಾಗಿದರೆ ಕಣಕ್ಕೆ ಇನ್ನೊಂದು ಕಡೆ ಎಳೆತ. ಲೆಕ್ಕ ಹಾಕಿದರೆ ಎಳೆತ ಚುಕ್ಕೆಯ ಕಡೆಗೇ. ಕಣ ಅಲ್ಲಿ ನಿಲ್ಲುತ್ತದೆ. ಲೇಸರ್ ಸರಿಸಿದರೆ ಅದೂ ಹಿಂದೆಯೇ ಬರುತ್ತದೆ. ಬಲ ಪಿಕೋನ್ಯೂಟನ್‌ಗಳಲ್ಲಿ, ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ. ಅಷ್ಟು ಸಾಕು. ಕೋಶದೊಳಗೆ ಸರಕು ಹೊರುವ ಕೈನೆಸಿನ್ ಅನ್ನುವ ಪ್ರೋಟೀನ್ 8 ನ್ಯಾನೋಮೀಟರ್‌ನ (ಮೈಕ್ರಾನಿನ ಸಾವಿರದ ಒಂದು ಪಾಲು ಅಂದರೆ ಒಂದು ನ್ಯಾನೋಮೀಟರ್) ಹೆಜ್ಜೆ ಇಡುತ್ತದೆ ಎಂದು 1993ರಲ್ಲಿ ಅಳೆದದ್ದು ಇದರಲ್ಲೇ.

ಇದನ್ನು ಮಾಡಿದವರು ಬೆಲ್ ಲ್ಯಾಬ್ಸ್‌ನ ಆರ್ಥರ್ ಆಶ್ಕಿನ್. 1970ರಲ್ಲಿ ಶುರು, 1986ರಲ್ಲಿ ಒಂದೇ ಕಿರಣದ ಚಿಮುಟ. 2018ರಲ್ಲಿ ನೊಬೆಲ್ ಬಂದಾಗ ಅವರಿಗೆ 96 ವರ್ಷ. ಅವರು ತಂಬಾಕಿನ ಮೊಸಾಯಿಕ್ ವೈರಸ್ ಹಿಡಿಯಲು ಹೋದಾಗ, ಇಟ್ಟು ಹಳತಾದ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದವು. ಅವೂ ಬಂದು ಸಿಕ್ಕಿಬಿದ್ದವು. ಆದರೆ ಹಸಿರು ಲೇಸರಿಗೆ ಬ್ಯಾಕ್ಟೀರಿಯಾ ಸತ್ತವು. ಅವರು 1064 ನ್ಯಾನೋಮೀಟರ್‌ನ ಇನ್ಫ್ರಾರೆಡ್‌ಗೆ ಬದಲಾಯಿಸಿದರು. 1987ರಲ್ಲಿ ಚಿಮುಟದೊಳಗೇ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಮರಿ ಹಾಕಿದವು. ಕೋಶದ ಪ್ರೋಟೀನುಗಳು ಆ ಬಣ್ಣದ ಬೆಳಕನ್ನು ಹೆಚ್ಚು ಹೀರುವುದಿಲ್ಲ, ಅದೇ ಕಾರಣ. ನೀರು ಸ್ವಲ್ಪ ಹೀರುತ್ತದೆ. 100 ಮಿಲಿವ್ಯಾಟ್‌ಗೆ ಕೋಶ ಸುಮಾರು 1 ಡಿಗ್ರಿ ಬಿಸಿಯಾಗುತ್ತದೆ.

ಹಾಗಾಗಿ ಡಾಕ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಅವರ ಯಂತ್ರದಲ್ಲಿ ಬೆಳಕು ಕ್ಷಣಕ್ಕೆ ಬಿದ್ದು ಹೋಗುತ್ತದೆ, ಏಟು ಕೊಡುವುದು ನೀರು. ನಮ್ಮಲ್ಲಿ ಉಲ್ಟಾ. ನೀರು ನಿಂತಿರುತ್ತದೆ, ಬೆಳಕು ನಿಮಿಷಗಟ್ಟಲೆ ಒಂದೇ ಕೋಶದ ಮೇಲೆ ಕೂತಿರುತ್ತದೆ. ಲೇಸರ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಉತ್ತರ ಇಲ್ಲ. ಯಾವ ಬಣ್ಣ, ಎಷ್ಟು ಶಕ್ತಿ, ಎಷ್ಟು ಹೊತ್ತು ಅಂತ ಕೇಳಬೇಕು.

ಸುಮ್ನೆ_ಓದೋನು

ಹಾಗಾದರೆ ಚಿಮುಟದಲ್ಲೇ ಒಂದೊಂದಾಗಿ ಹೆಣ್ಣು ವೀರ್ಯಾಣು ಹೆಕ್ಕಬಹುದಲ್ವಾ? ಒತ್ತಡವೂ ಇಲ್ಲ, ಪೆಟ್ಟೂ ಇಲ್ಲ.

ಲ್ಯಾಬ್ಕೋಟು

ಹಿಡಿಯಬಹುದು. 1989ರಲ್ಲೇ ವೀರ್ಯಾಣುವನ್ನು ಚಿಮುಟದಲ್ಲಿ ಹಿಡಿದು ತೋರಿಸಿದ್ದಾರೆ. ಆದರೆ ಲೆಕ್ಕ ನೋಡಿ. ಸೆಕೆಂಡಿಗೆ ಒಂದು ಹೆಕ್ಕುತ್ತೀರಿ ಅಂದುಕೊಳ್ಳಿ. 20 ಲಕ್ಷಕ್ಕೆ 20 ಲಕ್ಷ ಸೆಕೆಂಡ್. ಊಟ, ನಿದ್ದೆ ಬಿಟ್ಟರೂ ಒಂದು ಸ್ಟ್ರಾಗೆ 23 ದಿನ. ಅಷ್ಟರಲ್ಲಿ ಹಸುವಿನ ಮುಂದಿನ ಬೆದೆ ಬಂದಿರುತ್ತದೆ. ಸೆಕೆಂಡಿಗೆ 5000 ಆರಿಸುವ ಯಂತ್ರಕ್ಕೆ ಅದೇ ಕೆಲಸ 7 ನಿಮಿಷ.

ಗೋವೈದ್ಯ_ಸಾಗರ

ನಡುವಿನ ದಾರಿಯೂ ಇದೆ. ಈಗ ಒಂದು ವಿಧಾನದಲ್ಲಿ ಹನಿಯೂ ಇಲ್ಲ, ಹೈ ವೋಲ್ಟೇಜೂ ಇಲ್ಲ. ಚಿಪ್ ಅನ್ನುವ ಪುಟ್ಟ ಬಿಲ್ಲೆಯೊಳಗಿನ ಸಣ್ಣ ಕಾಲುವೆಯಲ್ಲಿ ವೀರ್ಯಾಣು ಸಾಲಾಗಿ ಹರಿಯುತ್ತವೆ. ಒಂದು ಲೇಸರ್ ಗುರುತಿಸುತ್ತದೆ, ಇನ್ನೊಂದು ಲೇಸರ್ ಬೇಡದ್ದನ್ನು ಅಲ್ಲೇ ಸುಡುತ್ತದೆ. ಹೆಣ್ಣು ವೀರ್ಯಾಣುವನ್ನು ಯಾರೂ ಎತ್ತಿ ಎಸೆಯುವುದಿಲ್ಲ, ಅದು ತನ್ನ ಪಾಡಿಗೆ ಹರಿದು ಹೋಗುತ್ತದೆ. ಸತ್ತ ಗಂಡು ಸ್ಟ್ರಾದಲ್ಲೇ ಉಳಿಯುತ್ತದೆ. ಊರಲ್ಲಿ ಹೇಳುವ "ಅರ್ಧ ಸತ್ತಿರುತ್ತೆ" ಅನ್ನೋದು ಆ ಸ್ಟ್ರಾದ ಮಟ್ಟಿಗೆ ನಿಜವೇ, ಸಾಯಬೇಕಾದ ಅರ್ಧ!

ತುಂಗೆದಂಡೆ

ಒಂದು ಕೇಳಬೇಕು, ತಪ್ಪು ತಿಳಿಯಬೇಡಿ. ದನಕ್ಕೆ ಆಗುವುದು ಮನುಷ್ಯರಿಗೂ ಆಗುತ್ತದಲ್ವಾ? ಅಲ್ಲಿ ಯಾರೂ ಹೆಣ್ಣು ಆರಿಸಲ್ಲ, ಎಲ್ಲರಿಗೂ ಗಂಡೇ ಬೇಕು.

ನೇರಳೆಮುಚ್ಚಳ

ಆಗುತ್ತದೆ, ಅದಕ್ಕೇ ಕಾನೂನು ಬಿಗಿ. 1994ರ ಲಿಂಗಪತ್ತೆ ತಡೆ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ತಂದು, ಗರ್ಭ ಕಟ್ಟುವ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿದರು. ವೀರ್ಯಾಣು ಆರಿಸುವುದೂ ಅದರೊಳಗೇ ಬರುತ್ತದೆ. ಸ್ಕ್ಯಾನಿಂಗ್ ಕೋಣೆಯ ಬೋರ್ಡು ಬರೀ ಸ್ಕ್ಯಾನಿಂಗಿಗಲ್ಲ.

ಶಂಕರಘಟ್ಟ_ಎಂಎಸ್ಸಿ

ಲ್ಯಾಬ್ಕೋಟು ಅಣ್ಣ, ಈ ಚಿಪ್ ಮಾಡುವುದು ಹೇಗೆ? ನಮ್ಮ ಪಾಠದಲ್ಲಿ ಮೈಕ್ರೋಫ್ಲೂಯಿಡಿಕ್ಸ್ ಅಂತ ಎರಡು ಸಾಲು ಬಂದು ಹೋಯಿತು. ಕೈಯಲ್ಲಿ ಮುಟ್ಟಿ ನೋಡಿಲ್ಲ.

ಲ್ಯಾಬ್ಕೋಟು

ಇದು ನನಗೆ ಇಷ್ಟದ ಕೆಲಸ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಚ್ಚು. ಸಿಲಿಕಾನ್ ತಟ್ಟೆ ಮೇಲೆ ಬೆಳಕಿಗೆ ಗಟ್ಟಿಯಾಗುವ ಎಸ್‌ಯು-8 ಅನ್ನುವ ಅಂಟು ಹರಡಿ, ಮೇಲೆ ಚಿತ್ರ ಇಟ್ಟು ಅತಿನೇರಳೆ ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿ, ಉಳಿದದ್ದು ತೊಳೆದು ಹೋಗುತ್ತದೆ. ಕಾಲುವೆಯ ಆಕಾರ ಉಬ್ಬಾಗಿ ನಿಲ್ಲುತ್ತದೆ. ಇದರ ಮೇಲೆ ಪಿಡಿಎಂಎಸ್, ಅಂದರೆ ಒಂದು ಬಗೆಯ ಸಿಲಿಕೋನ್ ರಬ್ಬರ್. ಹತ್ತು ಪಾಲಿಗೆ ಒಂದು ಪಾಲು ಗಟ್ಟಿ ಮಾಡುವ ದ್ರವ ಸೇರಿಸಿ ಕಲಕಬೇಕು. ಕಲಕಿದರೆ ಬಿಳಿ ನೊರೆ. ವ್ಯಾಕ್ಯೂಮ್ ಡಬ್ಬಿಯಲ್ಲಿಟ್ಟರೆ ಗುಳ್ಳೆ ಉಕ್ಕಿ ಉಕ್ಕಿ ಒಡೆಯುತ್ತವೆ, ಕೊನೆಗೆ ತಿಳಿಯಾಗುತ್ತದೆ. ಅಚ್ಚಿನ ಮೇಲೆ ಸುರಿದು 65–70 ಡಿಗ್ರಿಯಲ್ಲಿ ಒಂದೆರಡು ತಾಸು ಓವನ್ನಿನಲ್ಲಿಟ್ಟು, ಬ್ಲೇಡಿನಲ್ಲಿ ಕತ್ತರಿಸಿ ಎಬ್ಬಿಸಿದರೆ ಮೆತ್ತಗಿನ ಪಾರದರ್ಶಕ ತುಂಡು ಕೈಗೆ ಬರುತ್ತದೆ. ಅದರ ಕೆಳಮೈಯಲ್ಲಿ ಕೂದಲಿಗಿಂತ ಸಪೂರ ಗೆರೆಗಳು. ಬೆಳಕಿಗೆ ಓರೆ ಹಿಡಿದರಷ್ಟೇ ಕಾಣುತ್ತವೆ. ತೂತು ಕೊರೆದು, ತುಂಡಿಗೂ ಗಾಜಿಗೂ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುದಾವೇಶ ಪಡೆದ ಅನಿಲ) ತಾಗಿಸಿ ಒತ್ತಿದರೆ ಮುಗಿಯಿತು, ಇನ್ನು ಬಿಡಿಸಲು ಬರಲ್ಲ. 1998ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಈ ವಿಧಾನ ಬರೆದ ಮೇಲೆ ಜೀವಶಾಸ್ತ್ರದವರೂ ಚಿಪ್ ಮಾಡಲು ಶುರುಮಾಡಿದರು. ಪಿಡಿಎಂಎಸ್ ಗಾಳಿ ಹಾಯಲು ಬಿಡುತ್ತದೆ, ಒಳಗಿನ ಕೋಶ ಉಸಿರಾಡುತ್ತದೆ. ಅದೂ ಒಂದು ಕಾರಣ.

ಒಳಗೆ ನೀರಿನ ವರ್ತನೆಯೇ ಬೇರೆ. ನಮ್ಮ ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಸ್ವಲ್ಪ ದೂರದಲ್ಲೇ ಯಾವ ನೀರು ಯಾವುದು ಅಂತ ಹೇಳಲಾಗದು. ಚಿಪ್‌ನಲ್ಲಿ ಎರಡು ಧಾರೆ ಸೇರಿಸಿದರೆ ಅಕ್ಕಪಕ್ಕ ಸುಮ್ಮನೆ ಹರಿಯುತ್ತವೆ. ಸುಳಿ ಇಲ್ಲ. ಮೆಲ್ಲಗೆ ಅಣುಗಳು ಹರಡಿಕೊಂಡರೆ ಮಾತ್ರ ಬೆರಕೆ. ಸಣ್ಣ ಅಣುವೊಂದು 100 ಮೈಕ್ರಾನ್ ದಾಟಲು ಸುಮಾರು 10 ಸೆಕೆಂಡ್ ಬೇಕು. ಹಾಗಾಗಿ ಒಂದೇ ಕೋಶದ ಅರ್ಧಕ್ಕೆ ಔಷಧಿ, ಇನ್ನರ್ಧಕ್ಕೆ ಬರೀ ನೀರು ಕೊಟ್ಟು ನೋಡಬಹುದು. ಲೋಟದಲ್ಲಿ ಇದು ಸಾಧ್ಯವೇ ಇಲ್ಲ.

ಶತ್ರು ಒಂದೇ, ಗುಳ್ಳೆ. ಒಂದು ಗಾಳಿಗುಳ್ಳೆ ಕಾಲುವೆಯಲ್ಲಿ ಬಂತೆಂದರೆ ಇಡೀ ದಿನದ ಕೋಶಗಳನ್ನು ಗುಡಿಸಿಕೊಂಡು ಹೋಗುತ್ತದೆ.

ನೀವು ಪಿಡಿಎಂಎಸ್ ತನಕ ಹೋಗಬೇಡಿ. ಸ್ಲೈಡ್ ಮೇಲೆ ಎರಡು ಪಟ್ಟಿ ಡಬಲ್ ಸೈಡ್ ಟೇಪ್ ಅಂಟಿಸಿ, ಮೇಲೆ ಕವರ್‌ಸ್ಲಿಪ್ ಒತ್ತಿ. ನಡುವೆ ಸುಮಾರು 100 ಮೈಕ್ರಾನ್ ಎತ್ತರದ ಕಾಲುವೆ ತಯಾರು. ಒಂದು ಬದಿಯಲ್ಲಿ ಹನಿ ಬಿಡಿ, ಇನ್ನೊಂದು ಬದಿಯಲ್ಲಿ ಫಿಲ್ಟರ್ ಪೇಪರ್ ತಾಗಿಸಿ ಎಳೆಯಿರಿ. ದೊಡ್ಡ ದೊಡ್ಡ ಲ್ಯಾಬಿನಲ್ಲೂ ಚಿಮುಟದ ಕೆಲಸಕ್ಕೆ ಇದನ್ನೇ ಬಳಸುತ್ತೇವೆ.

ತುಂಗೆದಂಡೆ

ಇದರಲ್ಲಿ ಮಂಗನ ಕಾಯಿಲೆ ವೈರಸ್ ನೋಡಬಹುದಾ? 1957ರಿಂದ ಸೊರಬದ ಕ್ಯಾಸನೂರಿನ ಹೆಸರು ಹೊತ್ತುಕೊಂಡಿದೆ ಅದು.

ಲ್ಯಾಬ್ಕೋಟು

ಬೇಡವೇ ಬೇಡ. ಆ ಜಾತಿಯ ವೈರಸ್ ಸುಮಾರು 50 ನ್ಯಾನೋಮೀಟರ್, ಮಾಮೂಲಿ ಮೈಕ್ರೋಸ್ಕೋಪ್ ಕಾಣಿಸುವುದು ಸುಮಾರು 200ರ ತನಕ. ಜೊತೆಗೆ ಜೀವಂತ ವೈರಸ್ ಬೆಳೆಸುವ ಕೆಲಸ ಅತಿ ಬಿಗಿ ಭದ್ರತೆಯ ಲ್ಯಾಬಿನಲ್ಲಿ ಮಾತ್ರ.

ಅಡಕೆ_ಕೊಪ್ಪ

ದನ ಆಯಿತು, ಮಂಗ ಆಯಿತು. ಅಡಿಕೆ ಕೊಳೆರೋಗಕ್ಕೆ ನಿಮ್ಮ ಬೆಳಕು, ಕಾಲುವೆ ಏನಾದರೂ ಮಾಡುತ್ತದಾ? ಮಳೆ ಹಿಡಿಯುವ ಮುಂಚೆ ಔಷಧಿ ಹೊಡೆಸುತ್ತೇವೆ, ನಡುವೆ ಬಿಡುವು ಸಿಕ್ಕರೆ ಇನ್ನೊಂದು. ಮರ ಹತ್ತುವ ಕೊನೆಗಾರ ಸಿಗಲ್ಲ, ಸಿಕ್ಕ ದಿನ ಮಳೆ ಬಿಡಲ್ಲ.

ಲ್ಯಾಬ್ಕೋಟು

ರೋಗ ವಾಸಿ ಮಾಡಲ್ಲ. ಆದರೆ ಟೇಪಿನ ಕಾಲುವೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಕೊಳೆರೋಗದ ಫೈಟಾಪ್ತೊರಾ ನಿಜವಾದ ಶಿಲೀಂಧ್ರವೂ ಅಲ್ಲ, ಕಂದು ಪಾಚಿಗಳ ಕಡೆಯ ಸಂಬಂಧಿ. ಅದರ ಬೀಜಚೀಲ ತಣ್ಣನೆ ನೀರು ಸೋಕಿದರೆ ಒಡೆದು ಈಜುವ ಮರಿಗಳನ್ನು ಬಿಡುತ್ತದೆ, ಝೂಸ್ಪೋರ್ ಅನ್ನುತ್ತಾರೆ. ಒಂದೊಂದಕ್ಕೆ ಎರಡು ಬಾಲ. ಮುಂದಿನದು ಎಳೆಯುತ್ತದೆ, ಹಿಂದಿನದು ತಿರುಗಿಸುತ್ತದೆ. ಸೆಕೆಂಡಿಗೆ 100 ಮೈಕ್ರಾನಿಗೂ ಜಾಸ್ತಿ ಓಡುತ್ತವೆ. ಶಂಕರಘಟ್ಟದವರೇ, ಇದು ನಿಮಗೆ.

ಶಂಕರಘಟ್ಟ_ಎಂಎಸ್ಸಿ

ಮಾಡಿದೆ! ಅಜ್ಜನ ಮನೆ ತೋಟದಿಂದ ಬಿಳಿ ಬೂಷ್ಟು ಬಂದ ಕಾಯಿ ತಂದೆ. ಬೂಷ್ಟನ್ನು ನೀರಲ್ಲಿ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರಗಿಟ್ಟೆ. ಕಾಲುವೆಗೆ ಹನಿ ಬಿಟ್ಟು ನೋಡಿದರೆ, ಒಂದು ಚೀಲದ ತುದಿ ತೆರೆದು ಒಳಗಿದ್ದವೆಲ್ಲ ಒಂದರ ಮೇಲೊಂದು ನೂಕಿಕೊಂಡು ಹೊರಗೆ. ಸುರುಳಿ ಸುರುಳಿಯಾಗಿ ಸುತ್ತುತ್ತಾ ಓಡಿದವು. ಗಾಜಿಗೆ ಡಿಕ್ಕಿ ಹೊಡೆದು ವಾಪಸ್ ತಿರುಗುತ್ತವೆ. ಆಮೇಲೆ ಒಂದು ಬದಿಯಿಂದ ಬೋರ್ಡೋದ (ತೋಟಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಮೇಲಿನ ತಿಳಿಯನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಬಿಟ್ಟೆ. ಪೇಪರ್ ಎಳೆದಂತೆ ತಿಳಿ ಬಂದ ಕಡೆಯಿಂದ ಒಂದೊಂದೇ ನಿಂತವು. ಬಾಲ ಹೋಗಿ ಉರುಟಾದವು. ಬರೀ ನೀರು ಬಿಟ್ಟ ಇನ್ನೊಂದು ಸ್ಲೈಡಿನಲ್ಲಿ ಅಷ್ಟೇ ಹೊತ್ತಿಗೆ ಇನ್ನೂ ಓಡುತ್ತಿದ್ದವು.

ಲ್ಯಾಬ್ಕೋಟು

ಸಕತ್. ಉರುಟಾದದ್ದೆಲ್ಲ ಸತ್ತಿದೆ ಅಂತ ಬರೆಯಬೇಡಿ. ಝೂಸ್ಪೋರ್ ತಾನಾಗಿಯೂ ಬಾಲ ಕಳಚಿ ಉರುಟಾಗುತ್ತದೆ, ಆಮೇಲೆ ಮೊಳೆತು ಕಾಯಿಯೊಳಗೆ ನುಗ್ಗುತ್ತದೆ. ಎರಡೂ ಸ್ಲೈಡನ್ನು ಒಣಗದ ಹಾಗೆ ಒದ್ದೆ ಡಬ್ಬಿಯಲ್ಲಿಟ್ಟು ಮರುದಿನ ನೋಡಿ. ಮೊಳಕೆ ಬಂದದ್ದು ಬದುಕಿದೆ. ಮೈಕ್ರೋಸ್ಕೋಪ್ ದೀಪವನ್ನೂ ಸುಮ್ನೆ ಉರಿಸಿಡಬೇಡಿ, ನೋಡುವಾಗ ಮಾತ್ರ. ಬಿಸಿಗೂ ಅವು ನಿಲ್ಲುತ್ತವೆ.

ಅಡಕೆ_ಕೊಪ್ಪ

ಹಾಗಾದರೆ ಒಳಗೆ ನುಗ್ಗಿದ ಮೇಲೆ ಹೊಡೆದ ಔಷಧಿ ನೀರಲ್ಲಿ ಹೋಮ. ಕಾಯಿ ಮೇಲೆ ತಾಮ್ರ ಮೊದಲೇ ಕೂತಿರಬೇಕು ಅಂತ ನಮ್ಮಪ್ಪ ಹೇಳುತ್ತಿದ್ದದ್ದು ಇದಕ್ಕೇ.

ತಂಗಿ, ಇನ್ನೊಂದು ನೋಡಿಕೊಡಿ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಮಾಡಿದ್ದನ್ನು ಅವತ್ತೇ ಮುಗಿಸಬೇಕು ಅನ್ನುತ್ತಾರೆ. ಮಧ್ಯಾಹ್ನ ಮಳೆ ಬಂದರೆ ಅರ್ಧ ಡ್ರಮ್ ಉಳಿಯುತ್ತದೆ, ಚೆಲ್ಲಲು ಮನಸ್ಸು ಬರಲ್ಲ. ಅವತ್ತಿನದು, ಮರುದಿನದ್ದು, ಎರಡೂ ಬಾಟಲಿಯಲ್ಲಿ ತುಂಬಿ ಕಳಿಸುತ್ತೇನೆ. ಬಸ್ಸಿನಲ್ಲಿ ಕೊಟ್ಟರೆ ಆಗುತ್ತದಾ?

ಶಂಕರಘಟ್ಟ_ಎಂಎಸ್ಸಿ

ಆಗುತ್ತದೆ ಅಣ್ಣ. ಪ್ಲಾಸ್ಟಿಕ್ ಬಾಟಲಿಯಲ್ಲೇ ಹಾಕಿ, ಯಾವುದು ಯಾವತ್ತಿನದು ಅಂತ ಬರೆಯಬೇಡಿ, ಬರೀ ಒಂದು, ಎರಡು ಅಂತ ಗುರುತು ಹಾಕಿ. ನೋಡಿ ಮುಗಿದ ಮೇಲೆ ಯಾವುದು ಅಂತ ಹೇಳಿ. ಜೊತೆಗೆ ಎರಡು ಕೊಳೆ ಕಾಯಿ ಕಳಿಸಿ, ಕವರ್ ಎರಡು ಸುತ್ತು ಕಟ್ಟಿ. ನಮ್ಮಲ್ಲಿರುವುದು ಒಣಗಿತು.